ಮರಳಿ ಕೊಡಬಾರದ ಗಡಿಗೆ

ನವೆಂಬರ್ 7, ಪಂಚಾಂಗದಲ್ಲಿ ಚಳಿಗಾಲ ಹುಟ್ಟುವ ದಿನ

ಕಲ್ಲುಸೇತುವೆ ಬೀದಿಯ ಮಹಾಜನರೇ, ಕಾಲುವೆಯ ಈ ದಡದ ಸಜ್ಜನರೇ, ಆ ದಡದ ಸುಜನರೇ, ಕೆಮ್ಮುವವರೇ, ಕೆಮ್ಮಿ ಮುಗಿಸಿದವರೇ, ಮುಂದೆ ಕೆಮ್ಮಲಿರುವವರೇ, ಶಾಂತಚಿತ್ತರಾಗಿ ಆಲಿಸಬೇಕು. ಫಾಂಗ್ ವೈದ್ಯರ ಔಷಧದ ಅಂಗಡಿಯಲ್ಲಿ ಗಲ್ಲೆಯ ಹಿಂದೆ ನಿಂತು ಅರ್ಧ ಆಯುಷ್ಯ ಈ ಊರಿನ ಕೆಮ್ಮಿಗೆಲ್ಲ ಬೇರು ನಾರು ತೂಗಿಕೊಟ್ಟ ಲು ಗೆನ್‌ಫಾ ಎಂಬ ನಾನು, ವಯಸ್ಸು ನಲವತ್ತಾರು, ಅವಿವಾಹಿತ, ಈ ದಿನ ಬೆಳಗಿನಿಂದ ಸ್ವತಃ ಕೆಮ್ಮುತ್ತಿದ್ದೇನೆ ಎಂದು ತಿಳಿಸಲು ವಿಷಾದಿಸುತ್ತೇನೆ.

ಕಾರಣ ಪೀಪಾ ಹಣ್ಣಿನ ಮರದ ಎಲೆ ಎಂದು ನನ್ನ ವಾದ. ವಾರವಿಡೀ ಕೂತು ಹೊಸ ಎಲೆಗಳ ಬೆನ್ನಿನ ರೋಮವನ್ನು ಬ್ರಷ್ಷಿನಿಂದ ಉಜ್ಜಿ ತೆಗೆದಿದ್ದೇನೆ. ಕೆಮ್ಮಿಗೆ ಅದರಷ್ಟು ಒಳ್ಳೆಯ ಎಲೆ ಇಲ್ಲ. ಆದರೆ ರೋಮ ಉಳಿದರೆ ಅದೇ ಗಂಟಲು ಕೆರೆದು ಕೆಮ್ಮು ತರುತ್ತದೆ. ಫಾಂಗ್ ವೈದ್ಯರು ನಾಡಿ ಹಿಡಿದು ಕಣ್ಣು ಮುಚ್ಚಿದರು. ನಿದ್ದೆ ಹೋದರೇನೋ ಅಂದುಕೊಂಡೆ.

"ರೋಮ ಅಲ್ಲ ಕಣೋ. ಚಳಿ ಒಳಗೆ ಹೊಕ್ಕಿದೆ, ಕಫ ಕಟ್ಟಿದೆ. ಮನೇಲಿ ಒಲೆ ಹಚ್ತೀಯೋ ಇಲ್ವೋ?"

"ಒಬ್ಬನಿಗೆ ಎಷ್ಟು ಒಲೆ ಬೇಕು ಗುರುಗಳೇ? ಇಲ್ಲೇ ಯಂತ್ರದಲ್ಲಿ ಕುದಿಸಿ ಪೊಟ್ಟಣ ಮಾಡ್ಕೊಂಡು ಹೋಗ್ತೀನಿ."

"ಯಂತ್ರದ ಕಷಾಯ ಬಸ್ಸು ಹಿಡಿಯೋರಿಗೆ. ನೀನೆಲ್ಲಿಗೆ ಹೊರಟಿದೀಯ? ಮಣ್ಣಿನ ಗಡಿಗೇಲಿ ಕುದಿಸು. ಒಲೆ ಮುಂದೆ ಕೂತು ಕಾಯೋದೇ ಅರ್ಧ ಮದ್ದು."

ಕಿತ್ತಳೆ ಸಿಪ್ಪೆ, ಜರದಾಳು ಬೀಜ, ಹಿಪ್ಪುನೇರಳೆ ಬೇರಿನ ತೊಗಟೆ, ಪೀಪಾ ಎಲೆ, ಶುಂಠಿ, ಜೇಷ್ಠಮಧು. ನನಗೆ ನಾನೇ ತೂಗಿಕೊಂಡೆ. ನಮ್ಮ ಕಸುಬಿನಲ್ಲಿ ಮದ್ದನ್ನೆಲ್ಲ ಪದ್ಯವಾಗಿ ಬಾಯಿಪಾಠ ಮಾಡಿಸುತ್ತಾರೆ, ಮದ್ದು ಮರೆತರೂ ಪ್ರಾಸ ಮರೆಯದಿರಲಿ ಎಂದು. ನನಗೆ ಪ್ರಾಸವೇ ಚಟವಾಯಿತು.

ಕಿತ್ತಳೆ ಸಿಪ್ಪೆಗೆ ವಯಸ್ಸಾದಷ್ಟೂ ಬೆಲೆ,
ಕೆಮ್ಮುವ ಬ್ರಹ್ಮಚಾರಿಗೆ ದಕ್ಕುವುದು ಬರೀ ಎಲೆ.

ಮನೆಗೆ ಬಂದು ಅಮ್ಮನ ಗಡಿಗೆ ಒಲೆಗಿಟ್ಟೆ. ಟಪ್ಪೆಂದು ಸೀಳಿತು. ಹನ್ನೊಂದು ವರ್ಷ ಅಮ್ಮನಿಗಾಗಿ ಕುದಿದ ಗಡಿಗೆ. ಹೋದ ವರ್ಷ ಅಮ್ಮ ಹೋದಳು, ಇದಕ್ಕೂ ಸಾಕಾಗಿರಬೇಕು.

ನವೆಂಬರ್ 9

ಬೀದಿಯಲ್ಲಿ ಮಣ್ಣಿನ ಗಡಿಗೆ ಉಳಿದಿರುವುದು ಒಂದೇ ಮನೆಯಲ್ಲಿ ಎಂದು ಶಿಯಾನ್ ಅಜ್ಜಿ ಹೇಳಿದರು. ಸೇತುವೆಯ ಬುಡದಲ್ಲಿ ಬೇಯಿಸಿದ ಕೆಸುವಿನ ಗಡ್ಡೆ ಮಾರುವ ಈ ಅಜ್ಜಿಗೆ ತಿಳಿಯದ ಅಡುಗೆಮನೆ ಊರಲ್ಲಿಲ್ಲ. ಗಡಿಗೆ ಇರುವುದು ಹ್ವೇಲಾನ್ ಮನೆಯಲ್ಲಿ.

ಅಂದರೆ ಕಾಲುವೆಯಾಚೆ, ನನ್ನ ಹಿಂದಿನ ಕಿಟಕಿಗೆ ನೇರ ಎದುರು. ಗಂಡ ತೀರಿಕೊಂಡ ಮೇಲೆ ಅವನ ಬಿಲ್ಲನ್ನು ತಾನೇ ಎತ್ತಿಕೊಂಡು ಹತ್ತಿ ಹಿಂಜಿ ರಜಾಯಿ ಮಾಡುತ್ತಾಳೆ. ಹೆಚ್ಚಿನವು ಮದುವೆ ಹೆಣ್ಣುಗಳ ರಜಾಯಿ, ಹತ್ತಿಯ ಮೇಲೆ ಕೆಂಪು ನೂಲಿನ ಬಲೆ ಹಾಸಿದವು. ಬೆಳಗ್ಗೆ ನಾನು ಹಲ್ಲುಜ್ಜುವಾಗ ಟೊಂಯ್ ಎಂದು ಶುರುವಾಗುವ ಬಿಲ್ಲು, ಸಂಜೆ ನಾನು ಅನ್ನಕ್ಕಿಡುವಾಗಲೂ ಟೊಂಯ್ ಅನ್ನುತ್ತಿರುತ್ತದೆ. ಎಂಟು ವರ್ಷದಿಂದ ಈ ಮನೆಯ ಗಡಿಯಾರ ಅದು.

ಸೇತುವೆ ದಾಟಿ ಹೋದೆ. ಅವಳ ಕೂದಲು, ಹುಬ್ಬು ಎಲ್ಲ ಹತ್ತಿಯ ಧೂಳಿನಿಂದ ಬೆಳ್ಳಗಾಗಿತ್ತು. ಹೀಗೆಯೇ ಮುದುಕಿಯಾಗುತ್ತಾಳೆ ಅನ್ನಿಸಿತು. ಚೆಂದವಾಗಿಯೇ ಆಗುತ್ತಾಳೆ.

"ಏನ್ ಮೇಸ್ತ್ರಿ, ಊರಿಗೆಲ್ಲ ಮದ್ದು ಕಟ್ಟಿಕೊಡೋರು ಮದ್ದಿನ ಗಡಿಗೆ ಕೇಳ್ಕೊಂಡು ಬಂದ್ರಿ?"

"ದೀಪದ ಬುಡ ಕತ್ತಲೆ ಅಂತಾರಲ್ಲ."

"ಬುಡ ಅಲ್ಲ, ಎದೆ. ನೀವು ಸೇತುವೆ ಹತ್ತುವಾಗ್ಲೇ ಕೇಳಿಸ್ತು. ಯಾರೋ ಹಳೇ ದೋಣಿ ಎಂಜಿನ್ ಶುರು ಮಾಡ್ತಿದಾರೆ ಅಂದ್ಕೊಂಡೆ."

ಒಳಗಿಂದ ತಂದಳು. ಮುಚ್ಚಳ ಜಾರದಂತೆ ರಜಾಯಿಯ ಕೆಂಪು ನೂಲಿನಿಂದ ಕಟ್ಟಿದ್ದಳು. "ನಮ್ಮತ್ತೆ ಕಾಲದ್ದು. ನಿಧಾನ."

ಯಾವಾಗ ವಾಪಸು ಕೊಡುತ್ತೀರಿ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಾಗೆ ಹೇಳುವವನು ಈ ಕಡೆಯವನೇ ಅಲ್ಲ. ಮದ್ದಿನ ಗಡಿಗೆಯನ್ನು ಎರವಲು ತರಬಹುದು, ಮರಳಿ ಕೊಡುವಂತಿಲ್ಲ. ಕೊಟ್ಟರೆ ಗಡಿಗೆಯೊಡನೆ ಕಾಯಿಲೆಯನ್ನೂ ಆ ಮನೆಗೆ ಕಳಿಸಿದಂತೆ. ಕೊಟ್ಟವರೇ ತಮಗೆ ಬೇಕಾದಾಗ ಬಂದು ಕೇಳಿ ಒಯ್ಯಬೇಕು.

ಗಡಿಗೆ ಬಂದರೆ ಬರಲಿ, ಮರಳಿ ಹೋಗದಿರಲಿ;
ಹೋದರೆ ಜೊತೆಗೆ ರೋಗ, ಇದ್ದರೆ ಒಲೆಗೆ ಭೋಗ.

ಅಂದಮೇಲೆ ಹ್ವೇಲಾನ್ ಒಂದಲ್ಲ ಒಂದು ದಿನ ನನ್ನ ಬಾಗಿಲಿಗೆ ಬರಲೇಬೇಕು. ಮಹಾಜನರೇ, ಇದನ್ನು ಸುಮ್ಮನೆ ದಾಖಲೆಗಾಗಿ ಬರೆದಿದ್ದೇನೆ.

ನವೆಂಬರ್ 22, ಕಿರುಹಿಮದ ದಿನ

ಕಫ ಕದಲಿದೆ, ಇಳಿದಿಲ್ಲ. ಮೂರು ಬಟ್ಟಲು ನೀರು ಒಂದು ಬಟ್ಟಲಾಗುವವರೆಗೆ ಒಲೆಯ ಮುಂದೆ ಕೂರುತ್ತೇನೆ. ಸೋಸಿ ಉಳಿದ ಚರಟವನ್ನು ಸೇತುವೆಯ ಮೇಲೆ ಸುರಿದು ಬರುತ್ತೇನೆ, ಎಲ್ಲರೂ ಸುರಿಯುವ ಹಾಗೆ. ಓಡಾಡುವವರ ಕಾಲಿಗೆ ಸಿಕ್ಕಿ ಕಾಯಿಲೆ ಚೆದುರಿ ಹೋಗಲಿ ಎಂದು. ಚರಟ ಬಿದ್ದರೆ ಬೀದಿಗೆ ಪತ್ರಿಕೆ ಬಂದಂತೆ. ಶಿಯಾನ್ ಅಜ್ಜಿ ಕೋಲಿನಿಂದ ಕೆದಕಿ ಓದುತ್ತಾರೆ.

"ಜರದಾಳು ಬೀಜ ಜಾಸ್ತಿ ಮಾಡಿದಾನೆ ನಿಮ್ಮ ಫಾಂಗ್. ಹೊಟ್ಟೇನೂ ಕಟ್ಟಿದೆಯಾ ನಿಂಗೆ?"

"ಅಜ್ಜೀ, ಮಾನ ಅನ್ನೋದು ಒಂದಿರುತ್ತೆ."

"ಅದನ್ನೂ ಇಲ್ಲೇ ಸುರಿ, ಹೋಗುತ್ತೆ."

ಸಂಜೆ ಆರರ ಹೊತ್ತಿಗೆ ಬಿಲ್ಲು ನಿಲ್ಲುತ್ತದೆ. ಎದುರು ಕಿಟಕಿ ತೆರೆಯುತ್ತದೆ. "ಇಳೀತಾ ಮೇಸ್ತ್ರಿ?" ಎಂದು ಹ್ವೇಲಾನ್ ಕೂಗುತ್ತಾಳೆ.

"ಇಲ್ಲ. ಮೇಲೇ ಕೂತಿದೆ. ಬಾಡಿಗೆ ಕೊಡೋ ಯೋಚನೆ ಕಾಣಲ್ಲ."

ಇವತ್ತು ಬಟ್ಟೆ ಒಣಹಾಕುವ ಬಿದಿರುಗೋಲಿನ ತುದಿಗೆ ಬುಟ್ಟಿ ಸಿಕ್ಕಿಸಿ ಕಾಲುವೆಯ ಮೇಲಿಂದ ಚಾಚಿದಳು. ಬುಟ್ಟಿಯಲ್ಲಿ ಹಬೆಯಾಡುವ ಬಟ್ಟಲು. ಮರಸೇಬಿನ ತೊಟ್ಟು ಕೊಯ್ದು, ಒಳಗೆ ಕಲ್ಲುಸಕ್ಕರೆ, ಬೇಮು ಎಂಬ ಮದ್ದಿನ ಗಡ್ಡೆಯ ಪುಡಿ ತುಂಬಿ ಆವಿಯಲ್ಲಿ ಬೇಯಿಸಿದ್ದು. ಕೆಮ್ಮಿದ ಮಕ್ಕಳಿಗೆ ತಾಯಂದಿರು ಮಾಡಿಕೊಡುವುದು. ನನಗೆ ಯಾರಾದರೂ ಹಾಗೆ ಮಾಡಿಕೊಟ್ಟು ಎಷ್ಟು ಕಾಲವಾಯಿತು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟೆ.

ಬಟ್ಟಲು ತೊಳೆದು ಬುಟ್ಟಿಯಲ್ಲಿಟ್ಟೆ. ಬಟ್ಟಲನ್ನು ಮರಳಿ ಕೊಡಬಹುದು. ಶಾಸ್ತ್ರ ಇರುವುದು ಗಡಿಗೆಗೆ ಮಾತ್ರ.

ನವೆಂಬರ್ 30

ಮರಸೇಬು. ಕೆಮ್ಮು ಕಡಿಮೆ. ಬಿಲ್ಲು ಹೆಚ್ಚು, ಮದುವೆಗಳ ಕಾಲ.

ಡಿಸೆಂಬರ್ 7, ಮಹಾಹಿಮದ ದಿನ

ಹಿಮ ಬೀಳಲಿಲ್ಲ. ಸುದ್ದಿ ಬಿತ್ತು.

ಹ್ವೇಲಾನ್‌ಳ ತಂಗಿ ನಿಂಗ್ಬೋ ನಗರದಲ್ಲಿ ರಜಾಯಿ ಅಂಗಡಿ ಇಟ್ಟಿದ್ದಾಳಂತೆ. ಹತ್ತಿ ಹಿಂಜಲು ಯಂತ್ರ ಬಂದಿದೆ, ಅಕ್ಕ ಬಂದು ಮೇಲ್ವಿಚಾರಣೆ ನೋಡಿಕೊಂಡರೆ ಸಾಕು ಎಂದು ಕರೆಯುತ್ತಿದ್ದಾಳಂತೆ. ವಸಂತ ಹುಟ್ಟುವುದರೊಳಗೆ ಹೋಗುತ್ತಾಳೆ ಎಂದು ಶಿಯಾನ್ ಅಜ್ಜಿ ಗಡ್ಡೆಯ ಸಿಪ್ಪೆ ಸುಲಿಯುತ್ತಾ ಹೇಳಿದರು. ಹೇಳಿ, ನನ್ನ ಮುಖ ನೋಡಿದರು.

"ಧೂಳಿಲ್ಲದ ಕೆಲಸ. ಒಳ್ಳೇದೇ ಅಲ್ವಾ?" ಎಂದೆ.

"ನಾನು ಕೆಟ್ಟದ್ದು ಅಂದ್ನಾ?"

ಸಂಜೆ "ಇಳೀತಾ ಮೇಸ್ತ್ರಿ?" ಎಂದಾಗ ನಿಂಗ್ಬೋ ಬಗ್ಗೆ ಕೇಳೋಣ ಅಂದುಕೊಂಡೆ. ಕೆಮ್ಮು ಬಂತು. ಕೆಮ್ಮಿ ಮುಗಿಯುವವರೆಗೂ ಅವಳು ಕಿಟಕಿಯಲ್ಲೇ ನಿಂತಿದ್ದಳು. ತುಸು ಹೆಚ್ಚು ಹೊತ್ತು ಕೆಮ್ಮಿದೆ.

ಡಿಸೆಂಬರ್ 15

ಫಾಂಗ್ ವೈದ್ಯರು ಬೆನ್ನಿಗೆ ಕಿವಿಯಿಟ್ಟು ಕೇಳಿದರು, ನಾಡಿ ನೋಡಿದರು, ನಾಲಿಗೆ ನೋಡಿದರು. "ಎದೆ ಖಾಲಿ. ತೊಳೆದಿಟ್ಟ ಬಟ್ಟಲಿನ ಹಾಗಿದೆ. ಇನ್ನು ಕಷಾಯ ಬೇಡ."

ಗುರುಗಳಿಗೆ ಎಂಬತ್ತು ದಾಟಿದೆ. ಅವರ ಕಿವಿಯ ಮೇಲೆ ನನಗೆ ಮೊದಲಿನ ಭರವಸೆ ಇಲ್ಲ. ಕೆಮ್ಮು ಹೋದಂತೆ ಕಂಡರೂ ಬೇರು ಉಳಿದಿರುತ್ತದೆ ಎಂದು ಅವರೇ ಕಲಿಸಿದ್ದು. ಆದ್ದರಿಂದ ಸಂಜೆ ಮುನ್ನೆಚ್ಚರಿಕೆಗಾಗಿ ಕಿಟಕಿಯ ಬಳಿ ಕೆಮ್ಮಿದೆ.

"ಇನ್ನೂ ಇದೆಯಾ? ಮರಸೇಬು ದಿನಾ ಮಾಡ್ಲಾ?"

"ಅಷ್ಟೆಲ್ಲ ಬೇಡ." ಸ್ವಲ್ಪ ತಡೆದು, "ದಿನ ಬಿಟ್ಟು ದಿನ ಸಾಕು" ಎಂದೆ.

ಒಣ ಕೆಮ್ಮಿಗೆ ಬೇಮು, ಹಸಿ ಕೆಮ್ಮಿಗೆ ಶುಂಠಿ;
ಎರಡೂ ಅಲ್ಲದ ಕೆಮ್ಮಿಗೆ ಮದ್ದೇನು, ಒಂಟಿ?

ಡಿಸೆಂಬರ್ 22, ದೀರ್ಘ ರಾತ್ರಿಯ ಹಬ್ಬ

ಅಮ್ಮನ ಹೆಸರಿನಲ್ಲಿ, ಆ ಲೋಕದ ಖರ್ಚಿಗೆಂದು ಕಾಗದದ ಹಣ ಸುಟ್ಟೆ. ಅಕ್ಕಿಹಿಟ್ಟಿನ ಉಂಡೆ ಬೇಯಿಸಿ ಎಡೆಯಿಟ್ಟು ಒಬ್ಬನೇ ತಿಂದೆ. ಎದುರು ಕಿಟಕಿಯಲ್ಲೂ ಒಂದೇ ನೆರಳು ಒಂದೇ ಬಟ್ಟಲು ಹಿಡಿದಿತ್ತು. ನಡುವೆ ನೀರು. ಒಂದೇ ಮೇಜಾಗಿದ್ದರೆ ಉಂಡೆಯ ಬಟ್ಟಲನ್ನು ಆಚೆ ಸರಿಸುವಷ್ಟೇ ದೂರ.

ಬೆಳಗ್ಗೆ ಶಿಯಾನ್ ಅಜ್ಜಿ ತಡೆದು ನಿಲ್ಲಿಸಿದರು. ಕೋಲು ಚರಟದ ಮೇಲಿತ್ತು.

"ಲೋ ಗೆನ್‌ಫಾ. ಇದು ಬರೀ ಕಿತ್ತಳೆ ಸಿಪ್ಪೆ. ಟೀ ಕುಡಿದು ಬೀದಿಗೆ ಸುರೀತಿದೀಯ?"

"ಕೊನೇ ಹಂತದ ಚಿಕಿತ್ಸೆ ಅಜ್ಜಿ. ಹಗುರವಾಗಿರುತ್ತೆ."

"ಹೌದಾ. ಯಾವುದರ ಕೊನೆ?"

ಈ ಅಜ್ಜಿಗೆ ವ್ಯಾಪಾರ ಕಡಿಮೆಯಾಗಿರಬೇಕು.

ಡಿಸೆಂಬರ್ 29

ಅಂಗಡಿಯಿಂದ ಪೂರ್ತಿ ಮದ್ದು ಕಟ್ಟಿಕೊಂಡು ಬಂದು ಕ್ರಮವಾಗಿ ಕುದಿಸುತ್ತಿದ್ದೇನೆ. ಚರಟ ಸೇತುವೆಗೆ. ಕಷಾಯವನ್ನು ಇಷ್ಟು ದಿನ ಕುಡಿದರೆ ಜಠರ ಕೆಡುತ್ತದೆ, ಆದ್ದರಿಂದ ಕಾಲುವೆಗೆ.

ಕಾಲುವೆಯ ಮೀನಿಗೆ ಕಫವಿಲ್ಲ ಈ ವರ್ಷ,
ಅದರಲ್ಲಿ ನನಗೂ ಒಂದು ಪರೋಕ್ಷ ಹರ್ಷ.

ಮರಸೇಬು ಇವತ್ತು ಬಹಳ ಸಿಹಿಯಾಗಿತ್ತು. "ಯಾಕೋ ನಿಮ್ಮ ಕೆಮ್ಮು ಹಟಮಾರಿ ಮೇಸ್ತ್ರಿ" ಎಂದಳು. ಬಿದಿರುಗೋಲು ಹಿಂದಕ್ಕೆಳೆದುಕೊಳ್ಳುವಾಗ ಅವಳೂ ಒಮ್ಮೆ ಗಂಟಲು ಸರಿಮಾಡಿಕೊಂಡಳು. ಹತ್ತಿಯ ಧೂಳು.

ಜನವರಿ 5, ಕಿರುಶೀತದ ದಿನ

ಗಡಿಗೆಯನ್ನು ತೊಳೆದು ಒಲೆಯ ಪಕ್ಕ ಬೋರಲು ಹಾಕಿದೆ. ಹಿಡಿಯ ಹತ್ತಿರ ಒಂದು ಸಣ್ಣ ತಗ್ಗಿದೆ. ಅವಳ ಅತ್ತೆಯ, ಆಮೇಲೆ ಅವಳ ಹೆಬ್ಬೆರಳು ಕೂತು ಕೂತು ಆದದ್ದಿರಬೇಕು. ನನ್ನ ಹೆಬ್ಬೆರಳು ಅದಕ್ಕೆ ದೊಡ್ಡದು.

ವಸಂತ ಹುಟ್ಟಲು ಒಂದು ತಿಂಗಳಿದೆ. ಹೋಗುವ ಮುಂಚೆ ಅವಳು ಗಡಿಗೆ ಕೇಳಲು ಬರುತ್ತಾಳೆಯೆ? ಕಾಯಿಲೆಯಿಲ್ಲದೆ ಮದ್ದಿನ ಗಡಿಗೆ ಕೇಳಿ ಒಯ್ಯುವವರಿಲ್ಲ. ಅದನ್ನು ಗಂಟುಮೂಟೆಯಲ್ಲಿ ಕಟ್ಟಿಕೊಂಡು ಹೊಸ ಊರಿಗೆ ಹೋಗುವವರೂ ಇಲ್ಲ. ಅವಳು ಬರಬೇಕಾದರೆ ಕಾಯಿಲೆ ಬೀಳಬೇಕು. ಆದ್ದರಿಂದ ಬರಬಾರದು.

ಬರಬಾರದು ಎಂದು ಬರೆದೆ. ಆಮೇಲೆ ಎದ್ದು ಬಾಗಿಲ ಮುಂದಿನ ಮೆಟ್ಟಿಲು ಗುಡಿಸಿದೆ.

ಜನವರಿ 13

ಬಿಲ್ಲಿನ ಸದ್ದಿಲ್ಲ. ನಿನ್ನೆಯೂ ಇರಲಿಲ್ಲ.

ಮೊದಲು ಅನ್ನಿಸಿದ್ದನ್ನು ಬರೆಯುವುದಿಲ್ಲ. ಎರಡನೆಯದಾಗಿ ಅನ್ನಿಸಿದ್ದು, ಹತ್ತಿ ಮುಗಿದಿರಬೇಕು ಎಂದು.

ಸಂಜೆ ಕಿಟಕಿ ತೆರೆಯಲಿಲ್ಲ. ಅದರ ಹಿಂದಿನಿಂದ ಕೆಮ್ಮು ಕೇಳಿಸಿತು. ನನ್ನ ಕೆಮ್ಮಿನ ಹಾಗಲ್ಲ. ಆಳದಿಂದ ಕಿತ್ತು ಬರುವಂಥದ್ದು.

ಜನವರಿ 15

"ನಿನ್ನ ಕಿವಿ ಕಿವುಡಾ?" ಎಂದರು ಶಿಯಾನ್ ಅಜ್ಜಿ. ಇವತ್ತು ಅವರ ಮಾತಿನಲ್ಲಿ ತಮಾಷೆ ಇರಲಿಲ್ಲ. "ವಾರದಿಂದ ಎಳೀತಿದೆ ಅವಳಿಗೆ. ಹಿತ್ತಲ ಪೀಪಾ ಮರದ್ದು ಎಲೆ ಕಿತ್ತು ಕಬ್ಬಿಣದ ಬಾಣಲೇಲಿ ಕುದಿಸಿ ಕುಡೀತಿದಾಳೆ."

"ಕಬ್ಬಿಣದಲ್ಲಾ? ರೋಮ ಉಜ್ಜಿದಳಾ?"

"ಎದೆ ಹಿಡ್ಕೊಂಡು ಕೂತೋಳು ರೋಮ ಉಜ್ತಾಳಾ? ಗೆನ್‌ಫಾ ಹತ್ರ ಗಡಿಗೆ ಕೇಳು, ಮದ್ದೂ ಕಟ್ಟಿಕೊಡ್ತಾನೆ ಅಂದೆ. ಏನಂದ್ಳು ಗೊತ್ತಾ? 'ಮೇಸ್ತ್ರಿ ಇನ್ನೂ ಕೆಮ್ಮುತ್ತಿದಾರೆ ಅಜ್ಜಿ, ಅವರ ಬಾಯಿಂದ ಕಷಾಯ ಕಿತ್ಕೊಳ್ಲಾ' ಅಂದ್ಳು."

ಕಬ್ಬಿಣ ಮದ್ದನ್ನು ಕೆಡಿಸುತ್ತದೆ. ರೋಮ ಕೆಮ್ಮನ್ನು ಹೆಚ್ಚಿಸುತ್ತದೆ. ಇದು ಅಂಗಡಿಗೆ ಸೇರಿದ ಮೊದಲ ವಾರ ಕಲಿತ ಪಾಠ. ಗಡಿಗೆ ನನ್ನ ಒಲೆಯ ಪಕ್ಕ ಬೋರಲು ಬಿದ್ದಿದೆ.

ಜನವರಿ 17

ಯಂತ್ರದಲ್ಲಿ ಕಷಾಯ ಕುದಿಸಿ ಪೊಟ್ಟಣ ಮಾಡಿಕೊಂಡು ಸೇತುವೆ ದಾಟಿದೆ. ಬಾಗಿಲು ಒಂದು ಅಂಗೈಯಗಲ ತೆರೆಯಿತು. ಕೆನ್ನೆ ಒಳಗೆ ಹೋಗಿದೆ. ಹುಬ್ಬಿನಲ್ಲಿ ಹತ್ತಿಯಿಲ್ಲ. ಅವಳ ಹುಬ್ಬು ಇಷ್ಟು ಕಪ್ಪು ಎಂದು ನನಗೆ ಗೊತ್ತಿರಲಿಲ್ಲ.

"ಫಾಂಗ್ ಗುರುಗಳ ಹತ್ರ ಬನ್ನಿ, ನಾಡಿ ತೋರಿಸೋಣ. ಅಲ್ಲೀವರೆಗೆ ಇದನ್ನ ಕುಡೀರಿ."

"ಅವರದೇ ಮದ್ದನ್ನ ನೀವು ಚಳಿಗಾಲ ಹುಟ್ಟಿದಾಗಿಂದ ಕುಡೀತಿದೀರಿ. ಇನ್ನೂ ಕೆಮ್ಮುತ್ತಿದೀರಿ." ಅಷ್ಟು ಹೇಳುವಷ್ಟರಲ್ಲಿ ಉಸಿರು ಕಟ್ಟಿತು. ಚೌಕಟ್ಟು ಹಿಡಿದು ನಿಂತಳು. "ಮೊದಲು ನಿಮ್ಮದನ್ನ ವಾಸಿ ಮಾಡ್ಕೊಳ್ಳಿ, ಆಮೇಲೆ ನೋಡೋಣ."

"ಗಡಿಗೆನಾದ್ರೂ ಕೇಳಿ."

"ಕೇಳಲ್ಲ. ನಿಮ್ಮದಿನ್ನೂ ಮುಗಿದಿಲ್ಲ."

ಬಾಗಿಲು ಮುಚ್ಚಿತು. ಗಡಿಗೆಯನ್ನು ನಾನೇ ಒಯ್ದು ಹೊಸ್ತಿಲಲ್ಲಿಡಲೇ ಎಂದು ಯೋಚಿಸಿದೆ. ಎದೆ ಕಟ್ಟಿದವಳ ಮನೆಗೆ ಇನ್ನಷ್ಟು ಕಾಯಿಲೆ ಹೊತ್ತು ತಂದ ಎಂದು ಬೀದಿ ಅಂದರೆ ಅನ್ನಲಿ. ಅವಳು ಹಾಗೆಂದುಕೊಂಡರೆ? ಇಂಥದ್ದನ್ನು ನಂಬುವುದಿಲ್ಲ ಎಂದು ಅಂಗಡಿಯಲ್ಲಿ ಭಾಷಣ ಬಿಗಿಯುವವನು ನಾನು. ಸೇತುವೆಯ ನಡುವೆ ನಿಂತೆ. ಹಿಂದಕ್ಕೆ ಬಂದೆ.

ಜನವರಿ 20, ಮಹಾಶೀತದ ದಿನ

ಕಾಲುವೆಯ ಅಂಚಿನಲ್ಲಿ ತೆಳುವಾಗಿ ನೀರು ಹೆಪ್ಪುಗಟ್ಟಿತ್ತು. ಬೆಳಗ್ಗೆ ಕಿಟಕಿ ತೆರೆದು ಕರೆದೆ. ಎದುರು ಕಿಟಕಿ ಅರ್ಧ ತೆರೆಯಿತು.

"ನನಗೆ ಕೆಮ್ಮಿಲ್ಲ" ಎಂದೆ.

"ಒಳ್ಳೇದಾಯ್ತು. ಯಾವಾಗ ಹೋಯ್ತು?"

"ದೀರ್ಘ ರಾತ್ರಿ ಹಬ್ಬಕ್ಕೂ ಮುಂಚೆ."

ಕೆಳಗೆ ಮರಳಿನ ದೋಣಿಯೊಂದು ಹಾದು ಹೋಗುವವರೆಗೂ ನನ್ನನ್ನೇ ನೋಡಿದಳು.

"ಮತ್ತೆ ದಿನಾ ಸಂಜೆ ಕೆಮ್ಮುತ್ತಿದ್ದದ್ದು ಯಾರು?"

"ನಾನೇ."

"ಮರಸೇಬು?"

"ತಿಂದೆ."

"ಎಲ್ಲಾ?"

"ಬೀಜ ಬಿಟ್ಟು."

"ಸೇತುವೆ ಮೇಲಿನ ಚರಟ?"

"ಅದು ನಿಜದ್ದೇ. ಕಷಾಯ ಕಾಲುವೆಗೆ ಹೋಯ್ತು."

"ಲೋ ಗೆನ್‌ಫಾ." ಇಷ್ಟು ವರ್ಷದಲ್ಲಿ ಅವಳು ನನ್ನ ಹೆಸರು ಹಿಡಿದು ಕರೆದದ್ದು ಇದೇ ಮೊದಲು. "ದಿನಾ ಅದನ್ನ ತುಳಿದು ಹೋಗ್ತಿದ್ನಲ್ಲೋ ನಾನು. ಪಕ್ಕಕ್ಕೆ ದಾರಿ ಇದ್ರೂ ಬೇಕಂತ ಅದರ ಮೇಲೇ ಕಾಲಿಟ್ಟು ಹೋಗ್ತಿದ್ದೆ. ನಿನ್ನ ಕಾಯಿಲೆ ಹೋಗ್ಲಿ ಅಂತ."

ಕಿಟಕಿ ಬಡಿಯಿತು. ಸೇತುವೆಯ ಮೇಲೆ ಕೆಸುವಿನ ಗಡ್ಡೆ ಕೊಳ್ಳಲು ನಿಂತವರೆಲ್ಲ ಈ ಕಡೆ ತಿರುಗಿದ್ದರು, ಶಿಯಾನ್ ಅಜ್ಜಿಯೂ ಸೇರಿ. ಎರಡೂ ದಡದ ಮಹಾಜನರು ಕೊನೆಗೂ ನೆರೆದಿದ್ದರು. ನಾನು ಕಿಟಕಿ ಮುಚ್ಚಿಕೊಂಡೆ.

ಅಂಗಡಿಗೆ ಹೋಗಲಿಲ್ಲ. ಬಾಗಿಲು ತೆರೆದಿಟ್ಟು ಒಲೆ ಹಚ್ಚಿ ಕೂತೆ. ಮಧ್ಯಾಹ್ನದ ಹೊತ್ತಿಗೆ ಕೆಮ್ಮು ಸೇತುವೆ ಹತ್ತುವುದು ಕೇಳಿಸಿತು. ನಡುವೆ ನಿಂತಿತು. ಮತ್ತೆ ಇಳಿಯುವುದು ಕೇಳಿಸಿತು, ಈ ಕಡೆಗೆ.

ಕಂಕುಳಲ್ಲಿ ನಮ್ಮ ಅಂಗಡಿಯ ಕಾಗದದ ಕಟ್ಟು. ಫಾಂಗ್ ಗುರುಗಳಿಗೆ ನಾಡಿ ತೋರಿಸಿಕೊಂಡೇ ಬಂದಿದ್ದಳು. ಅವರೇ ಗಲ್ಲೆಗೆ ಇಳಿದು ತೂಗಿಕೊಟ್ಟರಂತೆ.

"ಗಡಿಗೆ ಕೇಳೋಕೆ ಬಂದಿದೀನಿ. ಬೇರೆ ಮಾತಿಗಲ್ಲ."

"ಇಲ್ಲೇ ಕುದಿಸಲಾ? ಗುರುಗಳಿಗೆ ಕಣ್ಣು ಮಂಜು. ಎಲೆ ಮತ್ತೊಂದು ಸಲ ಉಜ್ಜಬೇಕು."

ಅವಳು ಹೊಸ್ತಿಲಲ್ಲೇ ಯೋಚಿಸಿದಳು. ಆಮೇಲೆ ಒಳಗೆ ಬಂದು ಅಮ್ಮನ ಕುರ್ಚಿಯ ಮೇಲೆ ಕೂತಳು. ನಾನು ಎಲೆ ಬೆಳಕಿಗೆ ಹಿಡಿದು ಉಜ್ಜಿದೆ, ನೀರಲ್ಲಿ ನೆನೆಹಾಕಿದೆ, ಒಲೆಗಿಟ್ಟೆ. ಇಬ್ಬರೂ ಗಡಿಗೆಯನ್ನು ನೋಡುತ್ತಾ ಕೂತೆವು.

"ನಿಂಗ್ಬೋ?" ಎಂದು ಕೇಳಿದೆ.

"ತಂಗಿ ದಾರಿ ಕಾಯ್ತಿದಾಳೆ. ಇದು ಇಳಿದ ಮೇಲೆ ತಾನೇ ಹೋಗೋದು."

ಬಟ್ಟಲು ಕೊಟ್ಟೆ. ಮುಖ ಕಿವುಚಿಕೊಂಡು ಒಂದೇ ಉಸಿರಿಗೆ ಕುಡಿದಳು. "ಇದನ್ನ ಮೀನಿಗೆ ಕುಡಿಸ್ತಿದ್ಯಾ? ಪಾಪ" ಎಂದಳು. ನಗಲು ಹೋಗಿ ಕೆಮ್ಮಿದಳು. ಎದ್ದು ಹೊರಟವಳು ಗಡಿಗೆಯತ್ತ ಕೈ ಚಾಚಲಿಲ್ಲ. "ಎರಡನೇ ಕುದಿ ಸಂಜೆಗೆ ಅಲ್ವಾ. ಬರ್ತೀನಿ."

ಚರಟ ಸುರಿಯುವುದು ಅದಾದ ಮೇಲೆ. ಸುರಿದು, ಅದರ ಮೇಲೆ ನಾನೇ ಮೊದಲು ಕಾಲಿಡುತ್ತೇನೆ.

ಈಗ ನಾಳೆಯ ಎಲೆಗಳನ್ನು ಉಜ್ಜುತ್ತಿದ್ದೇನೆ. ಒಂದು ರೋಮವೂ ಉಳಿಯಕೂಡದು. ಸರಿಯಾಗಿ ಕುದಿಸಿದರೆ ವಸಂತ ಹುಟ್ಟುವ ಮೊದಲೇ ಅವಳ ಎದೆ ತಿಳಿಯಾಗುತ್ತದೆ. ನಿಂಗ್ಬೋಗೆ ಬೆಳಗಿನ ಬಸ್ಸಿದೆ. ಸರಿಯಾಗಿಯೇ ಕುದಿಸುತ್ತೇನೆ.

ಮಹಾಜನರೇ, ಎದ್ದು ಮನೆಗೆ ಹೋಗಿ. ಈ ಪುಟಗಳಲ್ಲಿ ನೀವ್ಯಾರೂ ಇರಲಿಲ್ಲ, ಇದ್ದದ್ದು ಎದುರು ಕಿಟಕಿ ಒಂದೇ. ಬಿಲ್ಲಿನ ಸದ್ದು ನಿಂತ ದಿನ ಮೊದಲು ಅನ್ನಿಸಿದ್ದನ್ನು ಬರೆಯದೆ ಬಿಟ್ಟಿದ್ದೆ. ಇನ್ನು ಗಡಿಗೆ ಕೇಳಲು ಬರುತ್ತಾಳೆ ಎಂದು ನನಗೆ ಸಂತೋಷವಾಗಿತ್ತು.